ಬೆಲ್ಲ ಸೀದ ವಾಸನೆ

ಹಾಲು ಸಾಲದು ಎಂಬ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಎತ್ತಿದವರು ಯಾರೋ ನೆನಪಿಲ್ಲ. ಎತ್ತಿದ ಮೇಲೆ ಸುಮ್ಮನಿದ್ದವರು ಮಾತ್ರ ಒಬ್ಬರೂ ಇಲ್ಲ. ಮಗಳು ಹುಟ್ಟಿ ಇನ್ನೂ ವಾರ ತುಂಬಿರಲಿಲ್ಲ. ಅವಳು ಅತ್ತರೆ ಹಾಲು ಸಾಲದೆ ಹಸಿವು, ಅಳದೆ ಮಲಗಿದರೆ ಹಾಲು ಸಾಲದೆ ಸುಸ್ತು, ಕುಡಿದದ್ದನ್ನು ಕಕ್ಕಿದರೆ ಹಾಲಿನಲ್ಲಿ ಸತ್ವವಿಲ್ಲ. ನೋಡಲು ಬಂದ ಹೆಂಗಸರು ಮಗುವಿನ ಮುಖ ನೋಡಿ, ನನ್ನ ಎದೆಯ ಕಡೆ ಒಂದು ಸಲ ಕಣ್ಣು ಹಾಯಿಸಿ, ಆಮೇಲೆ ಅಮ್ಮನ ಜೊತೆ ಮಾತಾಡುತ್ತಿದ್ದರು. ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಕರು ಹಾಕಿದ ಹಸುವನ್ನು ನೋಡಲು ಬಂದವರು ಹಸುವನ್ನು ಮಾತಾಡಿಸುವುದಿಲ್ಲವಲ್ಲ, ಹಾಗೆ.

ಹಸುವಿನ ಹೋಲಿಕೆ ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಬಂಗಾರಪೇಟೆಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ಅಮ್ಮ ಮೊದಲಿನಿಂದಲೂ ಹಸು ಕಟ್ಟಿಕೊಂಡು ಬದುಕಿದವರು. ನಾನು ಮದುವೆಯಾಗುವವರೆಗೂ ಊರಿನ ಹಾಲಿನ ಡೈರಿಯಲ್ಲಿ ಹಾಲು ನೋಡುವ ಕೆಲಸ ಮಾಡಿದವಳು. ಬಂದ ಹಾಲನ್ನೆಲ್ಲ ಮೊದಲು ಮೂಸಿ ನೋಡಬೇಕು, ಆಮೇಲೆ ಕೊಬ್ಬು ಅಳೆಯುವ ಮಿಷನ್ನಿಗೆ ಹಾಕಬೇಕು. ವಾಸನೆ ಕೆಟ್ಟಿದ್ದರೆ ಎಷ್ಟೇ ದೊಡ್ಡವರ ಮನೆಯ ಹಾಲಾದರೂ ವಾಪಸ್ಸು. ಅದಕ್ಕೇ ಊರಲ್ಲಿ ನನಗೆ ಜೋರಿನ ಹುಡುಗಿ ಎಂಬ ಹೆಸರು ಬಂದಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುವುದುಂಟು.

ಗಂಡ ನನ್ನ ಸೋದರತ್ತೆಯ ಮಗ. ಅಪ್ಪನ ಅಕ್ಕನನ್ನು ಬಹಳ ಹಿಂದೆ ಕೆಜಿಎಫ್‌ನ ಕೋರಮಂಡಲ್‌ಗೆ ಕೊಟ್ಟಿದ್ದರು. ಗಣಿ ಮುಚ್ಚಿದ ಮೇಲೂ ಅತ್ತೆಯ ಮನೆಯವರು ಗಣಿಯವರ ಸಾಲುಮನೆಗಳ ಅದೇ ಲೈನಿನಲ್ಲಿ ಉಳಿದುಕೊಂಡರು. ಅವರ ಮಗ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಪಂಪು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ದುಡಿದು ಸಂಜೆ ವಾಪಸ್ಸು ಬರುತ್ತಾರೆ. ಬಾಣಂತನಕ್ಕೆ ನಾನು ತವರಿಗೆ ಬಂದ ಮೇಲೆ ಸಂಜೆ ಬಂಗಾರಪೇಟೆಯಲ್ಲೇ ಇಳಿದು ನಮ್ಮನ್ನು ನೋಡಿಕೊಂಡು ಹೋಗುತ್ತಿದ್ದರು.

ಅಮ್ಮನ ಔಷಧಿ ಎಲ್ಲರಿಗೂ ಗೊತ್ತಿರುವುದೇ. ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ, ತುಪ್ಪ, ಒಣಕೊಬ್ಬರಿ ಸೇರಿಸಿ ಉಂಡೆ ಕಟ್ಟಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಒಂದು, ಸಂಜೆ ಒಂದು, ನಡುವೆ ಮೆಂತ್ಯದ ಗಂಜಿ. ಕರು ಹಾಕಿದ ಹಸುವಿಗೂ ಅವಳು ಮೆಂತ್ಯ ಬೇಯಿಸಿ ಬೆಲ್ಲ ಕಲಸಿ ಇಡುತ್ತಿದ್ದಳು. ಆ ಸಲ ಕೊಟ್ಟಿಗೆಯಲ್ಲಿ ಒಂದು ಹಸುವೂ ಹೊಸದಾಗಿ ಕರು ಹಾಕಿತ್ತು. ಅಡುಗೆಮನೆಯಲ್ಲಿ ಎರಡು ಪಾತ್ರೆ ಪಕ್ಕಪಕ್ಕದಲ್ಲಿ ಕುದಿಯುವುದನ್ನು ನೋಡಿ, ಯಾವುದು ನನ್ನದು ಎಂದು ಕೇಳಿದೆ.

"ತುಪ್ಪ ಬಿದ್ದಿರಾದು ನಿಂದು. ಬಾಯಿ ಮುಚ್ಕೊಂಡು ಕುಡಿ," ಅಂದಳು ಅಮ್ಮ.

ಅತ್ತೆಯ ಔಷಧಿ ಬೇರೆ. ಕೆಜಿಎಫ್‌ನ ಲೈನಿನಲ್ಲಿ ಅಕ್ಕಪಕ್ಕದವರೆಲ್ಲ ತಮಿಳಿನವರು. ಅತ್ತೆಗೆ ಅವರಿಂದ ಕಲಿತ ಅಡುಗೆಯೇ ಹೆಚ್ಚು. ಮೆಂತ್ಯ, ಅಕ್ಕಿ ರುಬ್ಬಿ, ಕರಿಬೆಲ್ಲ ಹಾಕಿ, ಎಳ್ಳೆಣ್ಣೆ ಬಿಟ್ಟು ಮುದ್ದೆಯ ಹಾಗೆ ತಿರುವಿದ ವೆಂದಯ ಕಳಿಯನ್ನು ಡಬ್ಬಿಯಲ್ಲಿ ತುಂಬಿ ಮಗನ ಕೈಯಲ್ಲಿ ಕಳಿಸುತ್ತಿದ್ದರು. ಆ ಡಬ್ಬಿ ಅವರ ಜೊತೆ ಬೆಂಗಳೂರಿಗೆ ಹೋಗಿ ಸಂಜೆ ನನ್ನ ಹತ್ತಿರ ಬರುತ್ತಿತ್ತು. ತಿನ್ನದೇ ಇದ್ದರೆ ಅತ್ತೆಗೆ ಬೇಜಾರು, ತಿಂದರೆ ಅಮ್ಮನಿಗೆ ಮುಖ ಸಪ್ಪೆ. ನಾನು ಎರಡನ್ನೂ ತಿಂದೆ.

ಮೂರನೆಯದು ಗಂಡನ ಕೊಡುಗೆ. ಆಂಡರ್ಸನ್‌ಪೇಟೆಯ ಅಂಗಡಿಯೊಂದರಲ್ಲಿ ಯಾರೋ ಹೇಳಿದರೆಂದು ಒಂದು ಡಬ್ಬಿ ಕ್ಯಾಪ್ಸೂಲ್ ತಂದರು. ಮೇಲೆ ಹಸಿರು ಎಲೆಯ ಚಿತ್ರ, ಹಾಲುಣಿಸುವ ತಾಯಿಯ ಚಿತ್ರ, ಪೂರ್ತಿ ಗಿಡಮೂಲಿಕೆ, ಅಡ್ಡ ಪರಿಣಾಮವಿಲ್ಲ ಎಂಬ ಮಾತು. ಒಳಗೆ ಏನಿದೆ ಎಂದು ಕೇಳಿದೆ. ಮೆಂತ್ಯದ ಸಾರವಂತೆ ಅಂದರು. ಮೆಂತ್ಯವೇ ತಾನೆ ಎಂದು ಅದನ್ನೂ ನುಂಗಿದೆ. ಹೊಟ್ಟೆ ಆಗಾಗ ಸಡಿಲವಾಗುತ್ತಿತ್ತು. ಬಾಣಂತಿಯ ಹೊಟ್ಟೆ ಅಂದರೆ ಹಾಗೇ ಇರಬಹುದು ಎಂದುಕೊಂಡೆ.

ಒಂದು ಬೆಳಿಗ್ಗೆ ಮಗಳ ಒದ್ದೆ ಬಟ್ಟೆ ಬಿಚ್ಚುವಾಗ ಮೂಗಿಗೆ ಏನೋ ಬಡಿಯಿತು. ಬೆಲ್ಲದ ಪಾಕ ತಳ ಹಿಡಿದು ಸೀದರೆ ಬರುತ್ತದಲ್ಲ, ಅಂಥ ವಾಸನೆ. ಬಟ್ಟೆ ಬದಲಿಸಿದೆ, ಮೈ ಒರೆಸಿದೆ, ಹೋಗಲಿಲ್ಲ. ಅವಳ ಕತ್ತಿನ ಮಡಿಕೆಯಲ್ಲೂ ಅದೇ ವಾಸನೆಯಿತ್ತು. ಅಮ್ಮನನ್ನು ಕರೆದೆ. ಅವಳು ಒಲೆಯ ಮೇಲೆ ಬಾಣಲೆ ಇಟ್ಟು ಬಂದವಳು, ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು.

"ಏನ್ ವಾಸ್ನೆ? ನಂಗೇನೂ ಬತ್ತಾ ಇಲ್ಲ."

"ಸರಿಯಾಗಿ ನೋಡಮ್ಮ."

"ಆಲು ವಾಸ್ನೆ ಕಣೇ. ನಿಂಗೆ ಡೈರಿ ಬುದ್ಧಿ ಓಗಿಲ್ಲ ಇನ್ನ," ಎಂದು ಎದ್ದು ಹೋದಳು.

ಅದಾಗಿ ಎರಡು ದಿನಕ್ಕೆ ಮಗುವಿನ ಕಣ್ಣು ಹಳದಿಯಾಯಿತು. ಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆ ಎಂದರು, ಹಿಡಿದೆವು. ಆದರೆ ಅವಳು ಏಳುವುದನ್ನೇ ಬಿಟ್ಟಳು. ಅಂಗಾಲು ತಟ್ಟಿದರೆ ಕಣ್ಣು ಬಿಟ್ಟು, ಎರಡು ಗುಟುಕು ಎಳೆದು, ಬಾಯಲ್ಲಿ ಹಾಲು ಇಟ್ಟುಕೊಂಡೇ ಮತ್ತೆ ನಿದ್ದೆಗೆ ಜಾರುತ್ತಿದ್ದಳು. ಕೈ ಎತ್ತಿ ಬಿಟ್ಟರೆ ಹಾಗೇ ಬೀಳುತ್ತಿತ್ತು. ಅಪ್ಪ ಪಕ್ಕದ ಬೀದಿಯವರ ಕಾರು ಹೇಳಿದರು. ಕೋಲಾರದ ಮಕ್ಕಳ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದೆ.

ಅಲ್ಲಿನ ಡಾಕ್ಟರಮ್ಮ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಮಾತು ಕಡಿಮೆ. ಮಗುವಿನ ಬಟ್ಟೆ ಬಿಚ್ಚಿ ಹೊಟ್ಟೆ ಮುಟ್ಟಿ ನೋಡುತ್ತಿದ್ದವರು ಒಮ್ಮೆಲೇ ನಿಂತರು. ಒದ್ದೆ ಬಟ್ಟೆಯನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ತಂದರು. ಅವರ ಮೂಗಿಗೂ ಅದು ಬಂದಿತ್ತು. ಆ ವಾಸನೆ ನನ್ನ ಭ್ರಮೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಈ ವಾಸನೆ ಯಾವಾಗಿಂದ ಇದೆ?"

"ಎರಡು ಮೂರು ದಿನದಿಂದ ಮೇಡಂ."

"ನೀವು ಏನಾದರೂ ಔಷಧಿ ತಗೊಳ್ತಿದ್ದೀರಾ?"

"ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಇಲ್ಲೇ ಹೆರಿಗೆ ಆಸ್ಪತ್ರೇಲಿ ಕೊಟ್ಟಿದ್ದು."

"ನಾಟಿ ಔಷಧಿ, ಕಷಾಯ, ಏನಾದರೂ?"

"ಇಲ್ಲ."

ಆ 'ಇಲ್ಲ'ವನ್ನು ನಾನು ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ. ಅದು ಸುಳ್ಳಾಗಿರಲಿಲ್ಲ. ನಮ್ಮಲ್ಲಿ ನಾಟಿ ಔಷಧಿ ಎಂದರೆ ಯಾರೋ ಕಾಡಿನಿಂದ ಬೇರು ತಂದು ತೇಯ್ದು ಕುಡಿಸುವುದು, ಪಥ್ಯ ಹೇಳುವುದು, ಮೂರು ದಿನ ಉಪ್ಪು ಬಿಡಿಸುವುದು. ಮೆಂತ್ಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಪಕ್ಕ ಕೂತಿರುವ ಕಾಳು. ಕ್ಯಾಪ್ಸೂಲಿನಲ್ಲಿ ಇದ್ದದ್ದೂ ಅದೇ ತಾನೆ. ಸಾಸಿವೆ ತಿಂತೀರಾ ಎಂದು ಯಾವ ಡಾಕ್ಟರು ಕೇಳುತ್ತಾರೆ, ಕೇಳಿದರೂ ಯಾರು ಔಷಧಿಯ ಲೆಕ್ಕದಲ್ಲಿ ಹೇಳುತ್ತಾರೆ. ಪಕ್ಕದಲ್ಲಿ ನಿಂತಿದ್ದ ಅಮ್ಮನೂ ಇಲ್ಲವೆಂದು ತಲೆಯಾಡಿಸಿದಳು.

"ಮದುವೆ ಸಂಬಂಧದಲ್ಲೇ ಆಗಿದ್ದಾ?"

"ಸೋದರತ್ತೆ ಮಗ."

ಡಾಕ್ಟರಮ್ಮ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಸುಮ್ಮನೆ ತಲೆ ಆಡಿಸಿದರು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಆ ತಲೆ ಆಡಿಸಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಆಮೇಲೆ ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಕೊರತೆ ಹೊತ್ತು ಬರುತ್ತವೆ. ಹಾಲಿನಲ್ಲಿರುವ ಪ್ರೋಟೀನಿನ ಕೆಲವು ಭಾಗಗಳನ್ನು ಅವರ ಮೈ ಅರಗಿಸಿಕೊಳ್ಳುವುದಿಲ್ಲ. ಅರಗದ್ದು ರಕ್ತದಲ್ಲಿ ಸೇರಿ ಮಿದುಳಿಗೆ ಏರುತ್ತದೆ. ಅಂಥ ಮಕ್ಕಳು ಹೀಗೇ ಮಂಕಾಗುತ್ತವೆ, ಅವರ ಮೂತ್ರಕ್ಕೆ ಇಂಥದ್ದೇ ಸುಟ್ಟ ಸಕ್ಕರೆಯ ವಾಸನೆ ಇರುತ್ತದೆ. ತುಂಬ ಅಪರೂಪ. ಒಳಸಂಬಂಧದಲ್ಲಿ ಸ್ವಲ್ಪ ಹೆಚ್ಚು. ಇದೇ ಎಂದು ಹೇಳುತ್ತಿಲ್ಲ, ಕಾಮಾಲೆಯಿಂದಲೂ ಮಂಕಾಗಿರಬಹುದು. ಆದರೆ ಅದೇ ಆಗಿದ್ದು ನಾವು ತಡ ಮಾಡಿದರೆ ಮಗು ಉಳಿಯುವುದು ಕಷ್ಟ. ರಕ್ತ, ಮೂತ್ರ ಬೆಂಗಳೂರಿಗೆ ಕಳಿಸುತ್ತೇವೆ. ವರದಿ ಬರುವವರೆಗೂ ಎದೆಹಾಲು ಬೇಡ. ರಕ್ತನಾಳಕ್ಕೆ ಗ್ಲೂಕೋಸು ಹಾಕುತ್ತೇವೆ.

ಎದೆಹಾಲು ಬೇಡ ಎನ್ನುವುದು ಒಂದೇ ನನ್ನ ಕಿವಿಯಲ್ಲಿ ಉಳಿಯಿತು. ಹಾಲು ಹೆಚ್ಚಲಿ ಎಂದು ಇಷ್ಟು ದಿನ ತಿಂದದ್ದೇ ತಿಂದದ್ದು. ಈಗ ಆ ಹಾಲೇ ಅವಳಿಗೆ ವಿಷ ಇರಬಹುದು ಎನ್ನುತ್ತಿದ್ದಾರೆ.

ಮಗಳನ್ನು ಗಾಜಿನ ಕೋಣೆಯಲ್ಲಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಕೈಗೆ ಸೂಜಿ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡುತ್ತಿದ್ದರು. ಅದೂ ಕೈಗೆ ಆಸ್ಪತ್ರೆಯ ದ್ರಾವಣ ಹಚ್ಚಿ, ಮೇಲೆ ಹಸಿರು ಗೌನು ತೊಟ್ಟು. ಅವಳ ಕಾಲ ಬೆರಳನ್ನು ಮುಟ್ಟಿ ಹೊರಗೆ ಬರುತ್ತಿದ್ದೆ.

ಹೊರಗೆ ಬೆಂಚಿನ ಮೇಲೆ ಅಮ್ಮ ಒಂದು ತುದಿಯಲ್ಲಿ, ಕೋರಮಂಡಲ್‌ನಿಂದ ಓಡಿ ಬಂದಿದ್ದ ಅತ್ತೆ ಇನ್ನೊಂದು ತುದಿಯಲ್ಲಿ ಕೂತಿದ್ದರು. ಸಂಬಂಧದ ಮಾತು ಡಾಕ್ಟರಮ್ಮನ ಬಾಯಲ್ಲಿ ಬಂದಾಗಿನಿಂದ ಇಬ್ಬರ ನಡುವೆ ಮಾತಿರಲಿಲ್ಲ. ಕೊನೆಗೆ ಅತ್ತೆಯೇ ಬಾಯಿಬಿಟ್ಟರು.

"ನಮ್ಮ ವಂಶದಾಗೆ ಅಂಥಾ ರೋಗ ಯಾರಿಗೂ ಬಂದಿಲ್ಲಮ್ಮ."

"ಎಲ್ಡೂ ಕಡೆ ರಕ್ತ ನಿಮ್ಮದೇ ತಾನೆ ಅತ್ಗೆ," ಅಂದಳು ಅಮ್ಮ. "ನಾನು ಒರಗಿನಿಂದ ಬಂದೋಳು."

ಅತ್ತೆಯ ಮುಖ ನೋಡಲಾಗಲಿಲ್ಲ. ಅತ್ತೆಗೆ ಮೊದಲ ಕೂಸು ಹುಟ್ಟಿ ಸ್ವಲ್ಪ ದಿನಕ್ಕೇ ತೀರಿಕೊಂಡಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಮೂವರಿಗೂ ಅದೇ ನೆನಪಾಯಿತು. ನಾನು ಅಮ್ಮನಿಗೆ, ಇನ್ನೊಂದು ಮಾತಾಡಿದರೆ ನಿನ್ನನ್ನು ಬಸ್ಸು ಹತ್ತಿಸಿ ಕಳಿಸುತ್ತೇನೆ ಅಂದೆ. ಹೆತ್ತವಳಿಗೆ ಆಡುವ ಮಾತಲ್ಲ, ಆದರೆ ನನಗೆ ಆಗ ಯಾರ ಮೇಲೂ ಮರುಕವಿರಲಿಲ್ಲ.

ಹಾಲು ಹಿಂಡಿ ಚೆಲ್ಲಬೇಕು, ಇಲ್ಲದಿದ್ದರೆ ಕಟ್ಟಿಕೊಂಡು ಜ್ವರ ಬರುತ್ತದೆ, ಆಮೇಲೆ ಬತ್ತಿಯೂ ಹೋಗುತ್ತದೆ ಎಂದು ನರ್ಸು ಹೇಳಿಕೊಟ್ಟಿದ್ದಳು. ವರದಿ ಚೆನ್ನಾಗಿ ಬಂದರೆ ಹಾಲು ಬೇಕಲ್ಲ. ಬಾತ್‌ರೂಮಿನ ಸಿಂಕಿನ ಮುಂದೆ ನಿಂತು ಹಿಂಡುತ್ತಿದ್ದೆ. ಇಷ್ಟು ದಿನ ಇಲ್ಲ ಇಲ್ಲ ಎನಿಸಿಕೊಂಡ ಹಾಲು ಆಗ ಧಾರೆಯಾಗಿ ಬಂತು. ಅದು ತೂತಿನಲ್ಲಿ ಇಳಿದು ಹೋಗುವುದನ್ನು ನೋಡಲಾರದೆ ನಲ್ಲಿ ಜೋರಾಗಿ ತಿರುಗಿಸುತ್ತಿದ್ದೆ. ಹೊರಗೆ ಬಂದರೆ ಅಮ್ಮ ಉಂಡೆ ಹಿಡಿದು ನಿಂತಿರುತ್ತಿದ್ದಳು. ಅತ್ತೆಯೂ ಕಳಿಯ ಡಬ್ಬಿ ಬಿಟ್ಟಿರಲಿಲ್ಲ. ಜಗಳವಾಡಿದ್ದ ಇಬ್ಬರೂ ಹಾಲು ಬತ್ತಬಾರದು ಎಂಬ ಒಂದು ವಿಷಯದಲ್ಲಿ ಒಂದಾಗಿದ್ದರು. ಎರಡನ್ನೂ ನೀರಿನ ಜೊತೆ ನುಂಗಿದೆ. ಕ್ಯಾಪ್ಸೂಲನ್ನೂ ಬಿಡಲಿಲ್ಲ.

ಎರಡನೆಯ ದಿನ ಮಗಳು ಕಣ್ಣು ಬಿಟ್ಟಳು. ಕಾಲು ಒದ್ದಳು. ಹಳದಿ ಇಳಿದಿತ್ತು. ನಾನು ಗೌನು ತೊಟ್ಟು ಒಳಗೆ ಹೋದಾಗ ಮೊದಲು ಮಾಡಿದ್ದು ಅವಳ ಕತ್ತಿನ ಹತ್ತಿರ ಮೂಗು ಇಟ್ಟದ್ದು. ಸೀದ ವಾಸನೆ ಹೋಗಿತ್ತು. ಆದರೂ ಖುಷಿಯಾಗಲಿಲ್ಲ. ನನ್ನ ಹಾಲು ನಿಂತ ಮೇಲೆ ಅವಳು ಚೇತರಿಸಿಕೊಂಡಿದ್ದಾಳೆ. ಹಾಗಾದರೆ ಅನುಮಾನ ಇನ್ನೇನು ಉಳಿಯಿತು. ಡಾಕ್ಟರಮ್ಮನೂ ಅದನ್ನೇ ಯೋಚಿಸುತ್ತಿದ್ದರು ಎಂಬುದು ವರದಿಗಾಗಿ ಅವರು ಮತ್ತೆ ಮತ್ತೆ ಬೆಂಗಳೂರಿಗೆ ಫೋನು ಮಾಡಿಸುತ್ತಿದ್ದದ್ದರಲ್ಲಿ ಗೊತ್ತಾಗುತ್ತಿತ್ತು. ಅಂಥ ಮಕ್ಕಳು ಏನು ತಿಂದು ಬೆಳೆಯುತ್ತವೆ ಎಂದು ಕೇಳಿದೆ. ಅದಕ್ಕೆಂದೇ ಬೇರೆ ಪುಡಿ ಇದೆ, ಜೀವನಪೂರ್ತಿ ಅಳೆದು ತಿನ್ನಿಸಬೇಕು ಎಂದರು. ಗಂಡ ಗೋಡೆಗೆ ಒರಗಿ ನಿಂತಿದ್ದರು. ತಿನ್ನಿಸೋಣ ಬಿಡು ಅಂದರು. ಅವರ ದನಿ ಸರಿ ಇರಲಿಲ್ಲ.

ವರದಿ ಬಂತು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದು ಡಾಕ್ಟರಮ್ಮ ಮೊದಲ ಸಲ ನಕ್ಕರು. ಅತ್ತೆ ಆಸ್ಪತ್ರೆಯ ನೆಲದ ಮೇಲೇ ಕೂತು ಅತ್ತರು. ಅಮ್ಮ ಹೋಗಿ ಅವರ ಬೆನ್ನ ಮೇಲೆ ಕೈ ಇಟ್ಟಳು. ಮಗಳನ್ನು ನನ್ನ ಮಡಿಲಿಗೆ ಕೊಟ್ಟರು. ಅವಳು ಕಚ್ಚಿ ಹಿಡಿದು ಕುಡಿದದ್ದಕ್ಕೆ ನೋವಾಯಿತು, ಆ ನೋವು ನನಗೆ ಇಷ್ಟವಾಯಿತು. ಇನ್ನೊಂದು ದಿನ ನೋಡಿ ಮನೆಗೆ ಕಳಿಸುತ್ತೇವೆ ಅಂದರು.

ಮಾರನೆಯ ದಿನ ಬಟ್ಟೆ ಬದಲಿಸಲು ಬಿಚ್ಚಿದೆ. ಬೆಲ್ಲ ಸೀದ ವಾಸನೆ ಗಮ್ಮೆಂದು ಬಂತು.

ಜೀವ ಬಾಯಿಗೆ ಬಂತು ಎನ್ನುತ್ತಾರಲ್ಲ, ಅದು ಏನೆಂದು ನನಗೆ ಆವತ್ತು ಗೊತ್ತಾಯಿತು. ಮೊದಲ ಸಲ ಹೆದರಿದಾಗ ನನಗೆ ಏನೂ ಗೊತ್ತಿರಲಿಲ್ಲ. ಈ ಸಲ ಎಲ್ಲ ಗೊತ್ತಿತ್ತು: ಮಿದುಳಿಗೆ ಏರುವುದು, ಮಂಕಾಗುವುದು, ಉಳಿಯದೇ ಹೋಗುವುದು. ವರದಿ ತಪ್ಪಾಗಿರಬೇಕು, ಯಾರದ್ದೋ ಮಗುವಿನ ವರದಿ ನಮಗೆ ಬಂದಿರಬೇಕು ಎಂದುಕೊಂಡೆ. ಬಟ್ಟೆಯನ್ನು ಕೈಯಲ್ಲೇ ಹಿಡಿದು ಬರಿಗಾಲಲ್ಲಿ ಓಡಿದೆ. ಡಾಕ್ಟರಮ್ಮ ಇನ್ನೊಂದು ಮಗುವನ್ನು ನೋಡುತ್ತಿದ್ದರು. ಆ ಮಗುವಿನ ತಾಯಿ ನನ್ನನ್ನು ನೋಡಿ ಹಿಂದೆ ಸರಿದಳು.

ಡಾಕ್ಟರಮ್ಮ ಬಂದರು. ಮಗಳು ಅಷ್ಟು ಹೊತ್ತಿಗೆ ಎದ್ದು ಕೈಕಾಲು ಬಡಿಯುತ್ತಿದ್ದಳು. ಅವಳನ್ನು ಪೂರ್ತಿ ಬಿಚ್ಚಿ, ಕೈಕಾಲು ಮಡಿಸಿ ಬಿಡಿಸಿ ನೋಡಿದರು. ಇಷ್ಟು ಚುರುಕಾಗಿದ್ದಾಳಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನೆತ್ತಿ, ಬೆನ್ನು ಮೂಸಿದರು. ವಾಪಸ್ಸು ತಂದು ನನ್ನ ಕೈಗೆ ಕೊಡಲು ಬಗ್ಗಿದವರು ಹಾಗೇ ನಿಂತರು.

"ನಿಮ್ಮ ಕೈ ಕೊಡಿ."

ಕೊಟ್ಟೆ. ಮುಂಗೈಯನ್ನು ಮೂಗಿನ ಹತ್ತಿರ ಹಿಡಿದುಕೊಂಡರು. ಆ ದಿನ ಸೆಖೆಯಿತ್ತು, ಓಡಿ ಬಂದು ಬೆವತಿದ್ದೆ, ಮೈಮೇಲೆ ಹಸಿರು ಗೌನೂ ಇರಲಿಲ್ಲ.

"ಈ ವಾಸನೆ ನಿಮ್ಮ ಮೈಯಿಂದ ಬರ್ತಿದೆ," ಅಂದರು. "ಏನು ತಿಂತಿದ್ದೀರಿ ನೀವು?"

"ಊಟ ಮೇಡಂ. ಬಾಣಂತಿ ಊಟ."

"ಅದೇ, ಏನೇನು? ಬೆಳಿಗ್ಗೆಯಿಂದ ಹೇಳಿ."

ಹೇಳತೊಡಗಿದೆ. ಉಂಡೆ ಅಂದೆ, ಯಾವುದರ ಉಂಡೆ ಅಂದರು. ಗಂಜಿ ಅಂದೆ, ಯಾವುದರ ಗಂಜಿ ಅಂದರು. ಕಳಿ ಅಂದೆ. ಮೂರು ಸಲ ಮೆಂತ್ಯ ಎಂದು ಹೇಳುವಷ್ಟರಲ್ಲಿ ನನ್ನ ದನಿಯೇ ಇಳಿಯಿತು. ಕ್ಯಾಪ್ಸೂಲಿನ ಡಬ್ಬಿಯನ್ನು ಬ್ಯಾಗಿನಿಂದ ತೆಗೆದು ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ ಓದಿ ಕುರ್ಚಿ ಎಳೆದುಕೊಂಡು ಕೂತರು.

"ಮೆಂತ್ಯ ಹೆಚ್ಚು ತಿಂದರೆ ಬೆವರಿಗೆ, ಮೂತ್ರಕ್ಕೆ, ಎದೆಹಾಲಿಗೆ ಇದೇ ವಾಸನೆ ಬರುತ್ತೆ. ಹಾಲು ಕುಡಿದ ಮಗುಗೂ ಬರುತ್ತೆ. ತಮ್ಮ ಮೈ ವಾಸನೆ ತಮಗೆ ಗೊತ್ತಾಗೋದಿಲ್ಲ. ಆ ಕಾಯಿಲೆ ವಾಸನೆಗೂ ಇದಕ್ಕೂ ವ್ಯತ್ಯಾಸ ಹೇಳೋದು ಕಷ್ಟ. ಅವತ್ತೇ ಯಾಕಮ್ಮ ಹೇಳಲಿಲ್ಲ?"

"ನೀವು ಔಷಧಿ ಕೇಳಿದ್ರಿ."

ಅವರು ಡಬ್ಬಿ ಕೆಳಗಿಟ್ಟು, "ಹೌದು, ನಾನೂ ಊಟ ಕೇಳಬೇಕಿತ್ತು," ಅಂದರು.

ಹಸು ಕೆಟ್ಟ ಸೊಪ್ಪು ಮೇಯ್ದರೆ ಹಾಲಿಗೆ ಆ ವಾಸನೆ ಬರುತ್ತದೆ ಎಂದು ಊರಿನವರಿಗೆಲ್ಲ ಪಾಠ ಹೇಳಿದವಳು ನಾನು. ನಿಮ್ಮ ಹಸುಗೆ ಏನು ಹಾಕಿದ್ರಿ ಎಂದು ಕೇಳಿ, ಅವರು ಒಪ್ಪುವವರೆಗೂ ಹಾಲು ಮುಟ್ಟುತ್ತಿರಲಿಲ್ಲ. ಮಗಳ ವಾಸನೆಗೆ ಹೆದರಿ ಸತ್ತೆನೇ ಹೊರತು, ನಾನೇನು ತಿಂದೆ ಎಂಬ ಪ್ರಶ್ನೆ ತಲೆಗೆ ಬರಲೇ ಇಲ್ಲ. ನನಗೆ ಸಮಾಧಾನವಾಗಲಿಲ್ಲ, ಕೆಟ್ಟ ಸಿಟ್ಟು ಬಂತು. ಗಂಡನ ಮೇಲೆ, ಆ ಹಸಿರು ಎಲೆಯ ಮೇಲೆ, ಹಾಲು ಸಾಲದು ಎಂದವರೆಲ್ಲರ ಮೇಲೆ. ಅಷ್ಟಕ್ಕೂ ಹಾಲು ಸಾಲುತ್ತಿರಲಿಲ್ಲವೇ ಎಂದು ಕೇಳಿದೆ. ಮೊದಲ ದಿನಗಳಲ್ಲಿ ಇಷ್ಟೇ ಬರುವುದು, ಮಗು ಸರಿಯಾಗಿ ಕಚ್ಚಿ ಮೇಲಿಂದ ಮೇಲೆ ಎಳೆದರೆ ತಾನೇ ಹೆಚ್ಚುತ್ತದೆ, ಮೆಂತ್ಯದಿಂದ ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಕಡಿಮೆ ಎಂದರು.

ಆದರೂ ಅಲ್ಲಿಗೆ ಮುಗಿಯಲಿಲ್ಲ. ಅನುಮಾನ ಉಳಿಸಿಕೊಳ್ಳಬಾರದು ಎಂದು ಇನ್ನೊಂದು ಸಲ ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ನಾನು ಮೆಂತ್ಯ ಪೂರ್ತಿ ಬಿಡಬೇಕು, ಹಾಲು ಮಾತ್ರ ನಿಲ್ಲಿಸಬಾರದು, ಮಗು ಚುರುಕಾಗಿದೆ, ಮೊದಲ ವರದಿ ಸರಿಯಿದೆ, ನಮ್ಮ ಕಣ್ಣ ಮುಂದೆಯೇ ಇರುತ್ತದೆ ಎಂದರು. ಹೇಳುವುದು ಸುಲಭ. ಒಂದೊಂದು ಸಲ ಅವಳನ್ನು ಎದೆಗೆ ಹಾಕಿಕೊಳ್ಳುವಾಗಲೂ ಇದು ವಿಷವಾಗಿದ್ದರೆ ಎನಿಸುತ್ತಿತ್ತು. ಅವಳು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತಾ ಕೂತಿರುತ್ತಿದ್ದೆ. ಹೊಟ್ಟೆ ತುಂಬಿ ಕಣ್ಣು ಮುಚ್ಚಿದರೆ ಅಂಗಾಲು ತಟ್ಟಿ ಎಬ್ಬಿಸುತ್ತಿದ್ದೆ. ಮಲಗಲು ಬಿಡಮ್ಮ ಎಂದು ನರ್ಸು ಬೈದಳು.

ಡಾಕ್ಟರಮ್ಮ ಅಮ್ಮನನ್ನೂ ಅತ್ತೆಯನ್ನೂ ಒಳಗೆ ಕರೆದು ಮಾತಾಡಿದರು. ಬೈಯಲಿಲ್ಲ. ಅಡುಗೆಗೆ ಹಾಕುವಷ್ಟು ಮೆಂತ್ಯದಿಂದ ಸಾಮಾನ್ಯವಾಗಿ ತೊಂದರೆ ಇಲ್ಲ, ಒಳ್ಳೆಯದೇ. ಔಷಧಿಯ ಹಾಗೆ ತಿಂದರೆ ಅದೂ ಔಷಧಿಯೇ, ಆಗ ಡಾಕ್ಟರಿಗೆ ಹೇಳಿಯೇ ತಿನ್ನಬೇಕು. ಬಸುರಿಯರು ಹೆಚ್ಚು ತಿನ್ನಲೇಬಾರದು, ಕ್ಯಾಪ್ಸೂಲು ಮುಟ್ಟಬಾರದು. ಕಡಲೆ, ಕಡಲೆಕಾಯಿ ಆಗದವರಿಗೆ ಮೆಂತ್ಯವೂ ಆಗದೇ ಇರಬಹುದು. ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಜೋಪಾನವಾಗಿರಬೇಕು ಅಂದರು. ಅಮ್ಮ ಮೆಲ್ಲಗೆ, ತಾನು ಸಕ್ಕರೆಗೆ ದಿನಾ ಮಾತ್ರೆಯ ಜೊತೆ ನೆನೆಸಿದ ಮೆಂತ್ಯವನ್ನೂ ತಿನ್ನುತ್ತೇನೆ, ಒಂದೊಂದು ದಿನ ಹನ್ನೊಂದು ಗಂಟೆಗೆ ಬೆವರು ಕಿತ್ತುಕೊಂಡು ಕೈ ಅದುರುತ್ತದೆ ಎಂದಳು. ನಮಗೆ ಯಾರಿಗೂ ಅವಳು ಅದನ್ನು ಹೇಳಿರಲಿಲ್ಲ. ಸಕ್ಕರೆ ತೀರಾ ಇಳಿದು ಹಾಗಾಗುತ್ತಿರಬಹುದು, ನಿಮ್ಮ ಡಾಕ್ಟರಿಗೆ ಎರಡನ್ನೂ ಹೇಳಿ, ಮಾತ್ರೆ ಮಾತ್ರ ನೀವಾಗೇ ಬಿಡಬೇಡಿ ಅಂದರು.

ಎರಡು ದಿನದಲ್ಲಿ ವಾಸನೆ ಇಳಿಯಿತು. ಎರಡನೆಯ ವರದಿಯೂ ಸರಿಯಾಗಿಯೇ ಬಂತು, ಮಗು ಮಂಕಾಗಿದ್ದದ್ದು ಕಾಮಾಲೆಯಿಂದಲೇ ಎಂದು ಡಾಕ್ಟರಮ್ಮ ಹೇಳಿದರು. ಮನೆಗೆ ಬಂದೆವು.

ಮನೆಗೆ ಬಂದ ಮೇಲೆ ಅಮ್ಮ ಬದಲಾದಳು. ಉಂಡೆಗಳನ್ನೆಲ್ಲ ಹಸುವಿನ ಕಲಗಚ್ಚಿನ ಬಾನಿಗೆ ಹಾಕಿದಳಂತೆ, ನಾನು ನೋಡಲಿಲ್ಲ. ಒಗ್ಗರಣೆಗೆ ಜೀರಿಗೆ ಹಾಕುವಾಗಲೂ ಬಾಗಿಲಿಗೆ ಬಂದು, "ಇದು ಆಕ್ಬೌದೇನಮ್ಮ?" ಎಂದು ನನ್ನನ್ನು ಕೇಳುತ್ತಿದ್ದಳು. ಬಾಯಿ ಮುಚ್ಕೊಂಡು ಕುಡಿ ಎನ್ನುತ್ತಿದ್ದವಳು ಹೀಗೆ ಕೇಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಮಗುವನ್ನು ಮಾತ್ರ ಅವಳು ಮುಟ್ಟುತ್ತಲೇ ಇರಲಿಲ್ಲ. ಎಣ್ಣೆ ಹಚ್ಚಿ ಎರೆಯಲು ಎದುರು ಮನೆಯವರನ್ನು ಕರೆದಳು. ಸೊಂಟ ನೋವು ಅಂದಳು. ಅದೇ ಸೊಂಟದಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದಳು.

ನಾನು ಎಷ್ಟು ದಿನ ಸಹಿಸುವವಳು. ಒಂದು ಬೆಳಿಗ್ಗೆ ಎದುರು ಮನೆಯವರಿಗೆ ಬರಬೇಡಿ ಎಂದು ಹೇಳಿ ಕಳಿಸಿದೆ. ಬಚ್ಚಲಲ್ಲಿ ನೀರು ಕಾಯಿಸಿ ಇಟ್ಟು, ಮಣೆ ಹಾಕಿ, ಅಮ್ಮನ ಕೈ ಹಿಡಿದು ಕೂರಿಸಿದೆ. ಅವಳ ಚಾಚಿದ ಕಾಲುಗಳ ಮೇಲೆ ಮಗಳನ್ನು ಮಲಗಿಸಿದೆ. ಅಮ್ಮ ಕೈ ಎತ್ತಲಿಲ್ಲ.

"ನನ್ ಕೈ ಒಳ್ಳೇದಲ್ಲ ಕಣೇ. ನಾನೇ ತಾನೆ ಮಗೂನ ಅಲ್ಲಿಗಂಟ ಕಳಿಸಿದ್ದು."

"ನಿನ್ನ ಕೈಯಲ್ಲಿ ಬೆಳೆದೋಳು ನಾನು. ನಂಗೇನಾಗಿದೆ?" ಅಂದೆ. ಅಳು ಬರುತ್ತಿತ್ತು, ಅದಕ್ಕೇ ಗದರಿದೆ. "ನೀರು ಆರ್ತಾ ಇದೆ, ಹುಯ್ಯಿ."

ಬಹಳ ಹೊತ್ತಿನ ಮೇಲೆ ಎಣ್ಣೆಯನ್ನು ಅಂಗೈಗೆ ಹಾಕಿಕೊಂಡು ನೆತ್ತಿಗೆ ಮುಟ್ಟಿಸಿದಳು. ಎರೆದು ಮುಗಿಸಿ, ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಮಗುವಿನ ಕತ್ತಿನ ಮಡಿಕೆಯಲ್ಲಿ ಮೂಗಿಟ್ಟಳು. ನನಗೆ ವಾಸನೆ ಬರದೆ ದಿನಗಳೇ ಆಗಿದ್ದವು, ಆದರೂ ಅವಳ ಮೂಗಿಗೆ ಬಂದರೆ ಎಂದು ಹೆದರಿದೆ. ಆ ಹೆದರಿಕೆ ಈಗಲೂ ಪೂರ್ತಿ ಹೋಗಿಲ್ಲ.

"ಏನಮ್ಮ, ಏನಾದ್ರೂ ಬರ್ತಾ ಇದೆಯಾ?"

ಅಮ್ಮ ತಲೆ ಎತ್ತಲೇ ಇಲ್ಲ.

"ಊಂ," ಅಂದಳು. "ಈಗ ಮಗೂ ವಾಸ್ನೆ ಬತ್ತಾ ಅದೆ. ಇಷ್ಟ್ ದಿನ ನಾವ್ಯಾರೂ ಇದನ್ನ ಮೂಸೇ ಇರ್ಲಿಲ್ಲ."